ನೆರಳಿನ ಋಣ

ಕಳೆದ ಬೇಸಿಗೆಯಲ್ಲಿ ಒಂದು ದಿನದ ಮಟ್ಟಿಗೆ ಮಿರ್ಲೆಗೆ ಹೋಗಿದ್ದೆ. ಕೃಷ್ಣರಾಜನಗರ ಸೀಮೆಯ ಆ ಊರಿನಲ್ಲಿ ನನ್ನೊಡನೆ ಹೈಸ್ಕೂಲು ಓದಿದ ಗೆಳೆಯನ ಮನೆಯಿದೆ. ಗೆಳೆಯ ಬೆಂಗಳೂರು ಸೇರಿ ಕಾಲು ಶತಮಾನ ಸಂದಿತು. ಎಂಬತ್ತು ದಾಟಿದ ಅವನ ತಂದೆ ಮಾತ್ರ ಊರು ಬಿಟ್ಟಿಲ್ಲ. ಬೇಸಿಗೆಯಾದುದರಿಂದ ನಾಲೆಯಲ್ಲಿ ನೀರಿರಲಿಲ್ಲ. ಭತ್ತದ ಗದ್ದೆಗಳು ಕೊಯ್ಲು ಮುಗಿದು ಬರಿದಾಗಿದ್ದವು. ಮನೆಯ ಮುಂದಿನ ಹೊಂಗೆಮರ ಮಾತ್ರ ಹೊಸ ಎಲೆ ತುಂಬಿಕೊಂಡು ಜಗಲಿಯ ತುಂಬ ನೆರಳು ಚೆಲ್ಲಿತ್ತು. ಹಿರಿಯರು ಅಲ್ಲೇ ಚಾಪೆ ಹಾಸಿ ಕುಳ್ಳಿರಿಸಿದರು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವರು ಕೇಳಿದರು:

"ಫಾದರ್, ನೀವು ಬೆಂಗ್ಳೂರಲ್ಲಿ ಇದ್ದೋರು, ಒಂದ್ ಮಾತ್ ಕೇಳ್ತೀನಿ. ನಾನು ವಯಸ್ನಲ್ಲಿ ಅಲ್ಲಿಗ್ ಹೋಗ್ಬೇಕಾದ್ರೆ ಬೇಸ್ಗೇಲೂ ಕಂಬ್ಳಿ ತಕ್ಕಂಡ್ ಹೋಗ್ತಿದ್ದೆ. ಈಗ ನಮ್ ಮೊಮ್ಮಗ ಅಲ್ಲಿ ಸೆಕೆ ತಡೀಲಾರ್ದೆ ಇಲ್ಲಿಗ್ ಬಂದವ್ನೆ. ಫ್ಯಾನ್ ಹಾಕಿದ್ರೂ ರಾತ್ರಿ ನಿದ್ದೆ ಬರಾಕಿಲ್ವಂತೆ. ಅಂಥಾ ಊರ್ನ ಹಿಂಗ್ ಮಾಡ್ದೋರ್ ಯಾರು?"

ನಾನು ಏನೋ ಒಂದು ಉತ್ತರ ಹೇಳಬೇಕೆಂದು, "ಕಾಲ ಕೆಟ್ಟುಹೋಯಿತು ಗೌಡ್ರೇ," ಎಂದೆ. ಅವರು ನಕ್ಕುಬಿಟ್ಟರು. "ಕಾಲ ಬಂದು ಮರ ಕಡೀತದಾ ಫಾದರ್?"

ಅವರು ನಗುತ್ತಲೇ ಕೇಳಿದ ಆ ಪ್ರಶ್ನೆ ನನ್ನನ್ನು ಚುಚ್ಚಿತು. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಒಂದು ನಗರ ಬಿಸಿಯಾಗುವುದು ಹವಾಮಾನ ಇಲಾಖೆಯವರಿಗೆ ಸಂಬಂಧಿಸಿದ ವಿಷಯ, ನಮ್ಮ ಮನಸ್ಸಾಕ್ಷಿಗೂ ಅದಕ್ಕೂ ಏನು ನಂಟು ಎಂದು ನಾನೂ ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ಸರಿಯಲ್ಲವೆಂದು ಈಗ ಅನಿಸುತ್ತಿದೆ. ಓದುಗರೂ ನನ್ನೊಡನೆ ಸ್ವಲ್ಪ ಹೊತ್ತು ಇದನ್ನು ಕುರಿತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಸೃಷ್ಟಿಯ ಲೆಕ್ಕ

ಮಹಾನಗರವೊಂದರ ಹವೆಯನ್ನು ರೂಪಿಸುವ ಸಂಗತಿಗಳಲ್ಲಿ ಕೆಲವು ಮನುಷ್ಯನ ಕೈಗೆ ಸಿಗುವಂಥವಲ್ಲ. ಇನ್ನು ಕೆಲವು ಅವನ ಕೈಯಿಂದಲೇ ಆದವು. ತಪ್ಪು ಯಾರದೆಂದು ಕೇಳುವ ಮೊದಲು ಇವೆರಡನ್ನೂ ಬೇರ್ಪಡಿಸಿ ನೋಡುವುದು ನ್ಯಾಯ.

ಮೊದಲನೆಯದು, ಊರು ಭೂಗೋಳದ ಮೇಲೆ ಎಲ್ಲಿದೆ ಎಂಬುದು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ, ನಡುಮಧ್ಯಾಹ್ನ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೇರವಾಗಿ ನೆಟ್ಟ ಕಂಬದ ನೆರಳು ಆ ಗಳಿಗೆಯಲ್ಲಿ ಮಾಯವಾಗುತ್ತದೆ. ಇದನ್ನು 'ಶೂನ್ಯ ನೆರಳಿನ ದಿನ' ಎನ್ನುತ್ತಾರೆ. ಮಿರ್ಲೆ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್‌ನ ಈ ದಿನ ಒಂದೆರಡು ದಿನ ಮೊದಲೇ ಬರುತ್ತದೆ. ಆಗಸ್ಟಿನಲ್ಲಿ ಮುಂಗಾರಿನ ಮೋಡ ಸೂರ್ಯನನ್ನು ಮರೆಮಾಡುತ್ತದೆ; ಏಪ್ರಿಲ್‌ನಲ್ಲಿ ಆಕಾಶ ಬಹುಮಟ್ಟಿಗೆ ನಿರ್ಮಲ. ಆದುದರಿಂದಲೇ ನಮ್ಮ ಕಡೆ ಜೂನ್‌ಗಿಂತ ಏಪ್ರಿಲ್‌ನ ಬಿಸಿಲು ಹೆಚ್ಚು.

ಎರಡನೆಯದು ಎತ್ತರ. ಮಂಗಳೂರು, ಬೆಂಗಳೂರು, ಚೆನ್ನೈ ಈ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಆಚೀಚಿನ ಎರಡು ಕಡಲತೀರದಲ್ಲಿದ್ದರೆ, ನಡುವಿನ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಜ್ವರಪೀಡಿತ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸಾಗಿಸಿದಾಗ ಅವರಿಗೆ ಬೇಕಾಗಿದ್ದುದು ಈ ಆರೋಗ್ಯಕರ ಹವೆಯೇ.

ಮೂರನೆಯದು ಮಳೆ. ನೈಋತ್ಯ ಮಾರುತವೂ ಈಶಾನ್ಯ ಮಾರುತವೂ ಬೆಂಗಳೂರಿಗೆ ಮಳೆ ತರುತ್ತವೆ. ಅವೆರಡಕ್ಕೂ ಮುನ್ನ, ಹಗಲೆಲ್ಲ ಕಾದ ನೆಲದ ಬಿಸಿಯಿಂದಲೇ ಮೋಡ ಕಟ್ಟಿ ಸಂಜೆ ಗುಡುಗುಮಳೆ ಸುರಿಯುತ್ತದೆ. ರೈತರ ಬಾಯಲ್ಲಿ ಇವು ಅಶ್ವಿನಿ, ಭರಣಿ ಮಳೆಗಳು. ಇವು ತಪ್ಪಿದ ವರ್ಷ ಊರಿಗೆ ಊರೇ ಬೇಯುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಅದನ್ನು ಕಂಡಿತು.

ಈ ಲೆಕ್ಕವನ್ನು ಹಿಡಿದು ಮಿರ್ಲೆಯನ್ನೂ ಬೆಂಗಳೂರನ್ನೂ ತೂಗಿ ನೋಡಿ. ಎರಡೂ ಕಡೆ ಒಂದೇ ಸೂರ್ಯ, ಹೆಚ್ಚುಕಡಿಮೆ ಅದೇ ಮಾರುತಗಳು. ಬೆಂಗಳೂರು ಮಿರ್ಲೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎತ್ತರವನ್ನೇ ನೋಡಿದರೆ ಅದು ಮಿರ್ಲೆಗಿಂತ ಅರ್ಧ ಡಿಗ್ರಿಗೂ ಮಿಗಿಲಾಗಿ ತಂಪಿರಬೇಕು. ಮೊಮ್ಮಗ ನಿದ್ದೆ ಅರಸಿ ಬೆಂಗಳೂರಿನಿಂದ ಮಿರ್ಲೆಗೆ ಬಂದನೆಂದರೆ ನಡುವೆ ಬೇರೇನೋ ಸೇರಿಕೊಂಡಿದೆ.

ನಾವು ಕೂಡಿಸಿದ್ದು

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಹೆಚ್ಚಿನ ತಾಪಮಾನ 39.2 ಡಿಗ್ರಿ, ಅದು 2016ರ ಏಪ್ರಿಲ್ 24ರಂದು. ಅದಕ್ಕೂ ಮೊದಲಿನ ದಾಖಲೆ 38.9 ಡಿಗ್ರಿ, ಅದು 1931ರ ಮೇ ತಿಂಗಳಿನದು. ಊರ ತುಂಬ ಕೆರೆಗಳೂ ತೋಪುಗಳೂ ಇದ್ದ ಆ ಕಾಲದಲ್ಲೂ ಅಂಥ ಒಂದು ದಿನ ಬಂದಿತ್ತು. ಆದುದರಿಂದ ಒಂದು ದಿನದ ಬಿಸಿಲನ್ನು ತೋರಿಸಿ ತೀರ್ಪು ಕೊಡಬಾರದು. 2016 ಮತ್ತು 2024 ಎರಡೂ ಎಲ್ ನಿನೋದ ಪ್ರಭಾವವಿದ್ದ ವರ್ಷಗಳು. ಇಡೀ ಭೂಮಿಯೇ ಬಿಸಿಯಾಗುತ್ತಿರುವುದೂ ಅದರೊಂದಿಗೆ ಸೇರಿದೆ. ನಗರದ ಸ್ವಂತ ಕೈವಾಡವನ್ನು ಗುರುತಿಸಬೇಕಾದರೆ ರಾತ್ರಿಯನ್ನು ನೋಡಬೇಕು.

ಇದನ್ನು ಮೊದಲು ಅಳೆದು ಬರೆದಿಟ್ಟವರು ಲಂಡನ್ನಿನ ಲ್ಯೂಕ್ ಹೋವರ್ಡ್. ಸುಮಾರು ಇನ್ನೂರು ವರ್ಷಗಳ ಹಿಂದೆ ಅವರು ನಗರದ ಒಳಗೂ ಹೊರಗಿನ ಹಳ್ಳಿಗಾಡಿನಲ್ಲೂ ವರ್ಷಗಟ್ಟಲೆ ದಾಖಲಾದ ಉಷ್ಣತೆಯನ್ನು ಹೋಲಿಸಿ ಲೆಕ್ಕ ಬರೆದರು. ಹಗಲಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ರಾತ್ರಿ ಲಂಡನ್ ನಗರ ಹಳ್ಳಿಗಿಂತ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತಿತ್ತು. ಮೊಮ್ಮಗನ ದೂರು ರಾತ್ರಿಯ ನಿದ್ದೆಯದೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೀಗಾಗುವುದೇಕೆ? ಮಣ್ಣು, ಹುಲ್ಲು, ಮರಗಳಿರುವ ಕಡೆ ಬಿಸಿಲಿನ ಒಂದು ದೊಡ್ಡ ಪಾಲು ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗುತ್ತದೆ. ಒಂದು ಲೀಟರು ನೀರು ಆವಿಯಾಗಲು, ಅಷ್ಟೇ ನೀರನ್ನು ತಣ್ಣಗಿನಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವುದರ ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ನೀರಿನ ಆಸರೆಯಿರುವ ದೊಡ್ಡ ಮರವೊಂದು ದಿನಕ್ಕೆ ನೂರಾರು ಲೀಟರು ನೀರನ್ನು ಎಲೆಗಳ ಮೂಲಕ ಬಿಡಬಲ್ಲದು. ಕೆರೆ, ಗದ್ದೆಗಳ ಕೆಲಸವೂ ಇದೇ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ರೀತಿಯಲ್ಲೇ ಊರು ತಣ್ಣಗಾಗುತ್ತದೆ. ಡಾಂಬರು, ಕಾಂಕ್ರೀಟುಗಳಿಗೆ ಈ ಗುಣವಿಲ್ಲ. ಅವು ಹಗಲೆಲ್ಲ ಶಾಖವನ್ನು ನುಂಗಿ ಇಟ್ಟುಕೊಂಡು ರಾತ್ರಿ ಹೊರಚೆಲ್ಲುತ್ತವೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಿನ ಬೀದಿಯಿಂದ ಆ ಶಾಖ ಆಕಾಶಕ್ಕೆ ಬೇಗನೆ ಹೋಗಲಾರದು. ಗಾಳಿಯೂ ಒಳಗೆ ಸುಳಿಯದು. ಇದರ ಮೇಲೆ ಒಂದು ಕೋಟಿಗೂ ಹೆಚ್ಚು ವಾಹನಗಳ ಎಂಜಿನ್ನುಗಳು, ಲೆಕ್ಕವಿಲ್ಲದಷ್ಟು ಹವಾನಿಯಂತ್ರಕಗಳು ತಂತಮ್ಮ ಬಿಸಿಯನ್ನು ಸೇರಿಸುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಮಾಡಿದ ಲೆಕ್ಕದಂತೆ 1973ರಲ್ಲಿ ನಗರ ಪ್ರದೇಶದ ಶೇಕಡಾ 8ರಷ್ಟು ನೆಲದಲ್ಲಿ ಮಾತ್ರ ಕಟ್ಟಡ, ರಸ್ತೆಗಳಿದ್ದವು; ಶೇಕಡಾ 68ರಷ್ಟು ಹಸಿರಿತ್ತು. 2012ರ ವೇಳೆಗೆ ಅರ್ಧಕ್ಕೂ ಹೆಚ್ಚು ನೆಲ ಕಟ್ಟಡಗಳಡಿ ಸೇರಿತ್ತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ತನ್ನ ಕೆರೆಗಳನ್ನು ಕಳೆದುಕೊಂಡ ನಗರ 1974ರಿಂದ ಕಾವೇರಿಯನ್ನು ಆಶ್ರಯಿಸಿದೆ. ಕೃಷ್ಣರಾಜನಗರದ ಮಗ್ಗುಲಲ್ಲಿ ಹರಿದು ಕನ್ನಂಬಾಡಿ ಸೇರುವ ಅದೇ ಕಾವೇರಿ ಸುಮಾರು ನೂರು ಕಿಲೋಮೀಟರ್ ಕೊಳವೆಗಳಲ್ಲಿ ಸಾಗಿ, ಸುಮಾರು ಐನೂರು ಮೀಟರ್ ಮೇಲೇರಿ ಬೆಂಗಳೂರಿನ ನಲ್ಲಿಗೆ ಬರುತ್ತಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋಗಿದ್ದವು.

ಹಾಗೆಂದು, ದೇವರು ತಂಪಾದ ಊರು ಕೊಟ್ಟ, ಮನುಷ್ಯ ಕೆಡಿಸಿದ ಎಂದಷ್ಟೇ ಹೇಳಿದರೆ ಕಥೆ ಅರ್ಧವಾದೀತು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಅಲ್ಲಿನ ಕೆರೆಗಳೆಲ್ಲ ಜನ ತೋಡಿ, ಏರಿ ಕಟ್ಟಿ ಮಾಡಿದವು. ಬಯಲುಸೀಮೆಯ ಆ ನೆಲದಲ್ಲಿ ಹೈದರಾಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ಯೋಚಿಸಿ ರಸ್ತೆಗಳ ಇಬ್ಬದಿಯಲ್ಲಿ ಸಾಲುಮರ ಬೆಳೆಸಿದರು. ಆ ಮರಗಳು ಪೂರ್ತಿ ಹರಡಿಕೊಳ್ಳುವ ಹೊತ್ತಿಗೆ ನೆಟ್ಟ ಕೈಗಳಲ್ಲಿ ಅನೇಕವು ಮಣ್ಣಾಗಿದ್ದವು. ನಾವು ಬೆಂಗಳೂರಿನ ತಂಪು ಎಂದು ಹೊಗಳುತ್ತಿದ್ದುದರಲ್ಲಿ ಎತ್ತರದ ಪಾಲು ಎಷ್ಟೋ, ನಮಗೆ ಮುಂಚಿನವರ ಶ್ರಮದ ಪಾಲೂ ಅಷ್ಟೇ ಇತ್ತು. ನಾವು ಕಳೆದದ್ದು ಪಿತ್ರಾರ್ಜಿತ ಸೊತ್ತನ್ನು.

ಬಿಸಿಲು ಎಲ್ಲರದು, ನೆರಳು?

ಸೂರ್ಯ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಸಮನೆ ಬೆಳಗುತ್ತಾನೆಂಬುದನ್ನು ಶುಭಸಂದೇಶದಿಂದ ಬಲ್ಲೆವು. ನೆರಳಿನ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅದನ್ನು ಹಂಚುವವರು ನಾವು.

ಹವಾನಿಯಂತ್ರಕ ಯಂತ್ರವನ್ನೇ ನೋಡಿ. ಅದು ಬಿಸಿಯನ್ನು ನಾಶಮಾಡುವುದಿಲ್ಲ. ಕೋಣೆಯೊಳಗಿನ ಬಿಸಿಯನ್ನು ಎತ್ತಿ, ತಾನು ಬಳಸಿದ ವಿದ್ಯುತ್ತಿನ ಬಿಸಿಯನ್ನೂ ಸೇರಿಸಿ ಹೊರಗೆ ಎಸೆಯುತ್ತದೆ. ಒಳಗಿನವನು ಎಷ್ಟು ತಂಪಾದನೋ ಹೊರಗಿನವನ ಪಾಲಿಗೆ ಅದಕ್ಕಿಂತ ಹೆಚ್ಚು ಬಿಸಿ ಬರುತ್ತದೆ. ಆ ಹೊರಗಿನವನು ಯಾರು? ಪಕ್ಕದ ಗಲ್ಲಿಯಲ್ಲಿ ತಗಡಿನ ಸೂರಿನಡಿ ಮಲಗುವವನು. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ರಾಯಚೂರುಗಳಿಂದ ಬಂದು ನೀಲಿ ಟಾರ್ಪಾಲಿನ ಗುಡಿಸಿಲಲ್ಲಿ ಸಂಸಾರ ಹೂಡಿದವನು. ಬೆಳಗ್ಗೆಯಿಂದ ರಸ್ತೆ ಗುಡಿಸುವ ಪೌರಕಾರ್ಮಿಕಳು. ನಾವು ಮನೆಯಲ್ಲಿ ಕುಳಿತು ತರಿಸಿಕೊಂಡ ಊಟವನ್ನು ಮಧ್ಯಾಹ್ನದ ಬಿಸಿಲಲ್ಲಿ ಹೊತ್ತು ತರುವ ಹುಡುಗ. ನಗರದ ಬಿಸಿಗೆ ಇವರ ಕೊಡುಗೆ ಅತ್ಯಲ್ಪ. ಅದನ್ನು ಉಣ್ಣುವವರು ಮಾತ್ರ ಎಲ್ಲರಿಗಿಂತ ಮೊದಲು ಇವರೇ.

ಸಿರಿವಂತ ನಾಡುಗಳಲ್ಲೂ ಇದು ಬೇರೆಯಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಬೀಸಿದ ಶಾಖದ ಅಲೆಗೆ ಸುಮಾರು 15 ಸಾವಿರ ಜನ ಬಲಿಯಾದರು. ಸತ್ತವರಲ್ಲಿ ಬಹುಪಾಲು ವೃದ್ಧರು; ಎಷ್ಟೋ ಮಂದಿ ಒಂಟಿಯಾಗಿ ಬದುಕುತ್ತಿದ್ದವರು. ಮಕ್ಕಳು ಬೇಸಿಗೆಯ ರಜೆಗೆ ಹೊರಟುಹೋಗಿದ್ದ ತಿಂಗಳು ಅದು. ಕೊನೆಗೂ ಯಾರೂ ಬಂದು ಕೇಳದ 57 ಶವಗಳನ್ನು ಪ್ಯಾರಿಸ್ ಬಳಿಯ ಸ್ಮಶಾನದಲ್ಲಿ ರಾಷ್ಟ್ರಾಧ್ಯಕ್ಷರ ಸಮ್ಮುಖದಲ್ಲಿ ಮಣ್ಣುಮಾಡಲಾಯಿತು. ಅವರನ್ನು ಕೊಂದದ್ದು ಬಿಸಿಲೋ, ಒಂಟಿತನವೋ?

ಈಗ ನನ್ನ ಮಾತು. ಹಲವು ವರ್ಷಗಳ ಹಿಂದೆ ನಾನು ನಗರದ ಒಂದು ಧರ್ಮಕೇಂದ್ರದ ಗುರುವಾಗಿದ್ದೆ. ದೇವಾಲಯದ ಅಂಗಳದಲ್ಲಿ ಎರಡು ದೊಡ್ಡ ಮಳೆಮರಗಳಿದ್ದವು. ಎಲೆ ಉದುರುತ್ತದೆ, ಹಕ್ಕಿಗಳು ಗಲೀಜು ಮಾಡುತ್ತವೆ, ಮಳೆಗಾಲದಲ್ಲಿ ಕೆಸರಾಗುತ್ತದೆ, ಭಾನುವಾರ ಕಾರು ನಿಲ್ಲಿಸಲು ಜಾಗವಿಲ್ಲ ಎಂಬ ದೂರುಗಳು ಬರುತ್ತಿದ್ದವು. ಸಭೆ ಸೇರಿ ತೀರ್ಮಾನಿಸಿದೆವು. ಅನುಮತಿ ಪಡೆದೇ ಮರಗಳನ್ನು ಕಡಿಸಿದೆ. ಅಂಗಳದ ತುಂಬ ಸಿಮೆಂಟಿನ ಇಟ್ಟಿಗೆ ಹಾಸಿಸಿದೆ. ದಾನಿಗಳ ಹೆಸರಿನ ಕಲ್ಲೂ ನಿಂತಿತು. ಎಲ್ಲರೂ ಮೆಚ್ಚಿದರು; ನಾನೂ ಹಿಗ್ಗಿದೆ.

ಆ ಮರಗಳಲ್ಲಿ ಒಂದರ ಬುಡದಲ್ಲಿ ಒಬ್ಬ ತಾಯಿ ಮೇಣದಬತ್ತಿ, ಹೂ ಮಾರುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಅವರು ಕಾಣಲಿಲ್ಲ. ನಾನು ವಿಚಾರಿಸಲೂ ಇಲ್ಲ. ಒಂದು ದಿನ ಎರಡು ಬೀದಿಯಾಚೆ, ಅಂಗಡಿಯೊಂದರ ಮುಂಚಾಚಿನ ಕೆಳಗೆ ಕುಳಿತಿದ್ದವರು ಸಿಕ್ಕಿದರು. "ಯಾಕಮ್ಮ, ಈಗ ದೇವಾಲಯದ ಹತ್ತಿರ ಬರುವುದೇ ಇಲ್ಲ?" ಎಂದೆ. ಅವರ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. "ಅಲ್ಲಿ ಈಗ ನೆರಳಿಲ್ವಲ್ಲ ಫಾದರ್," ಎಂದರು. ಅವರ ಜಾಗ ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ. ನಮ್ಮ ಸಭೆಯ ನಡವಳಿ ಪುಸ್ತಕದಲ್ಲಿ ಎಲೆ, ಕೆಸರು, ಕಾರು ಎಲ್ಲವೂ ಇದ್ದವು, ಅವರಿರಲಿಲ್ಲ.

ಯಾರೂ ಮಾಡದ ತಪ್ಪು

ನಾನು ಮಾಡಿದ್ದು ಪಾಪವೇ? ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಪೂರ್ಣ ಸಮ್ಮತಿಯಿರಬೇಕು ಎಂದು ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು. ಎರಡು ಮರ ಕಡಿದರೆ ಮಹಾನಗರದ ಉಷ್ಣತೆ ಯಾವ ಮಾಪಕಕ್ಕೂ ನಿಲುಕುವಷ್ಟು ಏರದು. ಯಾರಿಗೂ ಕೇಡು ಬಯಸಿರಲಿಲ್ಲ. ಕಾನೂನು ಮೀರಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಮರ ಕಡಿಸಿದ ಪ್ರತಿಯೊಬ್ಬನೂ, ಕೆರೆಯಂಗಳದಲ್ಲಿ ಸೈಟು ಕೊಂಡ ಪ್ರತಿಯೊಬ್ಬನೂ, ಮನೆಯ ಸುತ್ತ ಅಂಗೈಯಗಲ ಮಣ್ಣೂ ಉಳಿಯದಂತೆ ಸಿಮೆಂಟು ಬಳಿಸಿದ ಪ್ರತಿಯೊಬ್ಬನೂ ಇದೇ ಮಾತನ್ನು ಹೇಳಬಲ್ಲ. ಎಲ್ಲರೂ ನಿರಪರಾಧಿಗಳು, ಊರು ಮಾತ್ರ ಬೆಂದಿದೆ. ಇದು ಹೇಗೆ?

ಮಕ್ಕಳಿಗೆ ಹೇಳುವ ಒಂದು ಹಳೆಯ ಕಥೆಯಿದೆ. ರಾತ್ರಿಯೊಳಗೆ ಮನೆಗೊಂದು ಬಿಂದಿಗೆ ಹಾಲು ಕೊಳಕ್ಕೆ ಸುರಿಯಬೇಕೆಂದು ರಾಜ ಆಜ್ಞೆ ಮಾಡಿದ. ಅಷ್ಟು ಹಾಲಿನಲ್ಲಿ ನನ್ನದೊಂದು ಬಿಂದಿಗೆ ನೀರು ಯಾರಿಗೆ ಗೊತ್ತಾದೀತು ಎಂದು ಒಬ್ಬ ಯೋಚಿಸಿದ. ಬೆಳಗ್ಗೆ ನೋಡಿದರೆ ಕೊಳದ ತುಂಬ ನೀರೇ ಇತ್ತು. ಎಲ್ಲರೂ ಅವನಂತೆಯೇ ಯೋಚಿಸಿದ್ದರು.

ಇಂಗ್ಲಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನೇ ಇನ್ನೂ ಕಠಿಣವಾಗಿ ಮುಂದಿಟ್ಟರು. ಸಾವಿರ ಜನ ಹಿಂಸಕರಿದ್ದಾರೆ, ಸಾವಿರ ಜನ ಕೈದಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ಹಿಂಸಕ ಒಂದು ಗುಂಡಿ ಒತ್ತಿದರೆ ಪ್ರತಿಯೊಬ್ಬ ಕೈದಿಯ ನೋವೂ ಹೆಚ್ಚುವುದು ಅನುಭವಕ್ಕೆ ಬಾರದಷ್ಟು ಅಲ್ಪ. ಸಾವಿರ ಜನವೂ ಒತ್ತಿದಾಗ ಎಲ್ಲ ಕೈದಿಗಳೂ ನರಳುತ್ತಾರೆ. ನನ್ನ ಗುಂಡಿಯಿಂದ ಯಾರಿಗೂ ನೋವಾಗಲಿಲ್ಲ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲವೆಂದು ಪಾರ್ಫಿಟ್ ಹೇಳುತ್ತಾರೆ. ಹಲವರು ಸೇರಿ ಮಾಡುವ ಕೇಡಿನಲ್ಲಿ ಪಾಲಾಗಿರುವುದರಿಂದಲೇ ಒಂದು ಕೃತ್ಯ ತಪ್ಪಾಗಬಹುದು. ಅದರ ಪರಿಣಾಮ ಪ್ರತ್ಯೇಕವಾಗಿ ಕಾಣಬೇಕೆಂದಿಲ್ಲ. ಹನಿಹನಿಗೂಡಿದರೆ ಹಳ್ಳವೆಂದು ನಾವು ಉಳಿತಾಯಕ್ಕೆ ಹೇಳುತ್ತೇವೆ. ಕೇಡಿಗೂ ಆ ಲೆಕ್ಕವೇ ಅನ್ವಯಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ 'ಪಾಪದ ರಚನೆ'ಗಳ ಬಗ್ಗೆ ಬರೆದಾಗಲೂ, ಅಂಥ ರಚನೆಗಳ ಬೇರು ವ್ಯಕ್ತಿಗಳ ಕೃತ್ಯಗಳಲ್ಲಿದೆ ಎಂಬುದನ್ನು ಬಿಟ್ಟುಕೊಡಲಿಲ್ಲ.

ಅರಿವಿರಲಿಲ್ಲ ಎಂಬ ಸಮಾಧಾನವೂ ಉಂಟು. ಆದರೆ ಅಜ್ಞಾನದಲ್ಲಿ ಎರಡು ಬಗೆ. ಎಷ್ಟು ಪ್ರಯತ್ನಿಸಿದರೂ ನೀಗಲಾಗದ ಅಜ್ಞಾನ ಮನ್ನಿಸತಕ್ಕದ್ದು. ಒಂದು ಮಾತು ಕೇಳಿದ್ದರೆ ನೀಗಬಹುದಾಗಿದ್ದ ಅಜ್ಞಾನ ಹಾಗಲ್ಲ. ಮೇಣದಬತ್ತಿಯ ತಾಯಿಯನ್ನು ಕೇಳಲು ನನಗೆ ಹತ್ತು ಹೆಜ್ಜೆಯ ದೂರವಿತ್ತು. ಈಗಂತೂ ಅರಿವಿಲ್ಲವೆನ್ನಲು ಎಡೆಯೇ ಇಲ್ಲ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿ ಮರಗಳಿಲ್ಲದ ಬೀದಿಗಿಂತ 5.6 ಡಿಗ್ರಿಯವರೆಗೂ, ರಸ್ತೆಯ ಮೈ 27.5 ಡಿಗ್ರಿಯವರೆಗೂ ತಂಪಾಗಿರಬಲ್ಲದು. ಎರಡು ಮರಗಳಿಂದ ಮಹಾನಗರದ ಹವೆ ಬದಲಾಗದೆ ಇರಬಹುದು. ಆ ತಾಯಿಯ ಹವೆ ಬದಲಾಗಿತ್ತು.

ಹಾಗಾದರೆ ಊರು ಬೆಳೆಯಬಾರದೇ, ಬಡವನಿಗೆ ಮನೆ ಬೇಡವೇ ಎಂದು ಕೇಳಬಹುದು. ಕೇಳಲೇಬೇಕು. ಗೆಳೆಯ ಮಿರ್ಲೆ ಬಿಟ್ಟದ್ದು ಮೋಜಿಗಲ್ಲ. ಅಣ್ಣತಮ್ಮಂದಿರಲ್ಲಿ ಹಂಚಿಹೋದ ಗದ್ದೆ ಸಂಸಾರ ಸಾಕಲಿಲ್ಲ. ನಗರ ಅವನಿಗೆ ಅನ್ನ ಕೊಟ್ಟಿತು, ಮಕ್ಕಳಿಗೆ ವಿದ್ಯೆ ಕೊಟ್ಟಿತು. ಹಳ್ಳಿಯ ನೆರಳನ್ನೂ ನಾವು ಸುಮ್ಮನೆ ಹೊಗಳಬಾರದು. ಅರಳಿಕಟ್ಟೆಯ ತಂಪಿನಲ್ಲಿ ಎಲ್ಲ ಕೇರಿಯವರೂ ಸಮನಾಗಿ ಕೂರಲು ಆಗದಿದ್ದ ಕಾಲವನ್ನು ಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ. ಜಾತಿ ಕೇಳದೆ ಹಲವರಿಗೆ ಬಾಡಿಗೆ ಕೋಣೆಯನ್ನಾದರೂ ಕೊಟ್ಟದ್ದು ನಗರವೇ. ಆದುದರಿಂದ ಕಟ್ಟುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕಟ್ಟುವಾಗ ಒಂದು ಪ್ರಶ್ನೆಯನ್ನು ಬಿಟ್ಟುಬಿಡುವುದು ತಪ್ಪು: ಇದರ ಬಿಸಿ ಯಾರ ಮೇಲೆ ಬೀಳುತ್ತದೆ? ಪರಿಸರದ ಅಳಲನ್ನೂ ಬಡವರ ಅಳಲನ್ನೂ ಬೇರೆಬೇರೆಯಾಗಿ ಕೇಳಲಾಗದೆಂದು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದುದರ ಅರ್ಥ ನನಗೆ ಹೊಳೆದದ್ದು ಆ ಅಂಗಡಿಯ ಮುಂಚಾಚನ್ನು ನೆನೆದಾಗ.

ಹಿಂದಿರುಗಿಸುವುದು

ಕದ್ದವನು ಪಾಪನಿವೇದನೆ ಮಾಡಿದರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ನಮ್ಮ ಹಳೆಯ ಪಾಠ. ಜಕ್ಕಾಯನ ಕಥೆ ಎಲ್ಲರಿಗೂ ಗೊತ್ತು. ಯೇಸುವನ್ನು ನೋಡಲು ಅತ್ತಿಮರ ಹತ್ತಿದ ಆ ಸುಂಕದವನು, ಕೆಳಗಿಳಿದ ಮೇಲೆ, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಮಾತು ಕೊಟ್ಟ. ಆ ಲೆಕ್ಕ ಹಿಡಿದು, ಈಗ ನಾನಿರುವ ಕಡೆ ಎರಡಕ್ಕೆ ಎಂಟರಂತೆ ಹೊಂಗೆ ಸಸಿಗಳನ್ನು ನೆಡಿಸಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಎಂಟು ಸಸಿಗಳ ನೆರಳು ಈಗ ಒಂದು ಮೇಣದಬತ್ತಿಯ ಬುಟ್ಟಿಗೂ ಸಾಲದು. ನೆಲಸಮವಾಗಲು ಒಂದು ದಿನ ಸಾಕಾಗಿದ್ದುದು ಮತ್ತೆ ಬೆಳೆಯಲು ಮೂವತ್ತು ವರ್ಷ ಬೇಕು. ಆ ಹೊತ್ತಿಗೆ ಅದರಡಿ ಕುಳಿತುಕೊಳ್ಳಲು ನಾನಿರುವುದೂ ಅನುಮಾನ. ಆ ತಾಯಿಗೆ ನಾನು ಕೊಡಬೇಕಾದದ್ದು ಅವರಿಗೇ ಸಲ್ಲುವುದಿಲ್ಲ, ಮತ್ತೊಬ್ಬರಿಗೆ ಸಲ್ಲಬೇಕು. ನೆರಳಿನ ಋಣದ ರೀತಿಯೇ ಅದು. ಪಡೆದದ್ದು ಹಿಂದಿನವರಿಂದ, ತೀರಿಸುವುದು ಮುಂದಿನವರಿಗೆ.

ಒಬ್ಬೊಬ್ಬರಾಗಿ ಕೆಡಿಸಿದ್ದನ್ನು ಒಟ್ಟಾಗಿ ಉಳಿಸಿಕೊಳ್ಳಬಹುದೆಂಬುದಕ್ಕೂ ಉದಾಹರಣೆಗಳಿವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆ ಬಂದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಕೈಕೈ ಹಿಡಿದು ರಸ್ತೆಯ ಉದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುತ್ತಲಿನ ನಿವಾಸಿಗಳ ಪಟ್ಟಿನಿಂದ ಮತ್ತೆ ನೀರು ಕಂಡಿತು. ಗುಜರಾತಿನ ಅಹಮದಾಬಾದ್ ನಗರವು 2010ರ ಭೀಕರ ಬಿಸಿಲಿನಲ್ಲಿ ಅಪಾರ ಸಾವುಗಳನ್ನು ಕಂಡ ಮೇಲೆ 2013ರಲ್ಲಿ ಶಾಖದಿಂದ ಜನರನ್ನು ಕಾಪಾಡುವ ಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಸೂರಿಗೆ ಬಿಳಿಯ ಸುಣ್ಣ ಬಳಿಸುವುದೂ ಅದರೊಳಗೆ ಸೇರಿತು. ಬಿಳಿಯ ಸೂರು ಬಿಸಿಲನ್ನು ನುಂಗದೆ ತಿರುಗಿಸಿ ಕಳುಹಿಸುತ್ತದೆ. ಸುಣ್ಣ ಬಳಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಯೇ.

ನಮ್ಮ ಧರ್ಮಕೇಂದ್ರಗಳೂ ಮನೆಗಳೂ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ದೇವಾಲಯದ ಅಂಗಳಕ್ಕೆ ಕಲ್ಲು ಹಾಸುವಾಗ ಮರದ ಬುಡದಲ್ಲಿ ಮಣ್ಣು ಬಿಡೋಣ. ಸೂರಿಗೆ ಬಿಳಿ ಬಳಿಯೋಣ. ಮಳೆನೀರನ್ನು ಚರಂಡಿಗೆ ಬಿಡದೆ ನೆಲಕ್ಕೆ ಇಳಿಸೋಣ. ಬೇಸಿಗೆಯ ಮಧ್ಯಾಹ್ನ ದೇವಾಲಯದ ಬಾಗಿಲು ತೆರೆದಿರಲಿ; ದಣಿದು ಬಂದವನು ಯಾವ ಮತದವನೆಂದು ಕೇಳದೆ ಒಂದು ಲೋಟ ನೀರೂ ಒಂದು ಬೆಂಚೂ ಸಿಗಲಿ. ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರ ಬಾಗಿಲನ್ನು ಏಪ್ರಿಲ್‌ನಲ್ಲಿ ದಿನಕ್ಕೊಮ್ಮೆ ತಟ್ಟುವ ಹೊಣೆಯನ್ನು ಯುವಜನರು ಹೊರಲಿ. ಹೊಸದಾಗಿ ಏನನ್ನೇ ಕಟ್ಟುವ ಸಭೆಯಲ್ಲಿ, ಆ ಮರದಡಿ ಕೂರುವವರನ್ನೂ ಕರೆದು ಕೇಳೋಣ.

ಮಿರ್ಲೆಯಿಂದ ಹೊರಡುವಾಗ ನಾನು ಹಿರಿಯರಿಗೆ ನನ್ನ ಎರಡು ಮರಗಳ ಕಥೆ ಹೇಳಿದೆ. ಅವರ ಪ್ರಶ್ನೆಗೆ ನನ್ನಲ್ಲಿದ್ದ ಪ್ರಾಮಾಣಿಕ ಉತ್ತರ ಅದೊಂದೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗನ್ಗೆ ಅಲ್ಲಿ ಸೈಟ್ ತಕ್ಕೊಡಕೆ ನಾನೂವೆ ಮಾವಿನ್ ತೋಪು ಮಾರ್ದೆ ಫಾದರ್. ತಕ್ಕಂಡೋನು ಎಲ್ಲಾನೂ ಕಡ್ಸ್‌ಬುಟ್ಟ," ಎಂದರು. ಆಮೇಲೆ ತಲೆಯ ಮೇಲಿನ ಹೊಂಗೆಯನ್ನು ತೋರಿಸಿ, "ಇದು ನಮ್ಮಪ್ಪ ನೆಟ್ಟಿದ್ದು," ಎಂದರು.

ನೆರಳಿಲ್ಲದ ಆ ದಿನ ಮತ್ತೆ ಏಪ್ರಿಲ್‌ನಲ್ಲಿ ಬರುತ್ತದೆ. ಅಂದು ನಡುಮಧ್ಯಾಹ್ನ ನಮ್ಮ ನೆರಳೂ ನಮ್ಮ ಪಾದದಡಿ ಅಡಗಿಬಿಡುತ್ತದೆ. ಆ ಹೊತ್ತಿನಲ್ಲಿ ನಾವು ಹೋಗಿ ನಿಲ್ಲಬಹುದಾದದ್ದು ಬೇರೊಬ್ಬರು ನಮಗಾಗಿ ಬಿಟ್ಟುಹೋದ ನೆರಳಿನಲ್ಲಿ. ನಾವು ಯಾರಿಗಾಗಿ ಏನನ್ನು ಬಿಟ್ಟುಹೋಗುತ್ತಿದ್ದೇವೆ ಎಂದು ಅಲ್ಲಿ ನಿಂತು ಒಂದು ಗಳಿಗೆ ಯೋಚಿಸೋಣ.